ದಾರಿ ಮುಚ್ಚಿತ್ತೋ, ನಡುವಿನ ಲಾಭ ಬೇಕಿತ್ತೋ? ಯುರೋಪಿನವರು ಕಡಲು ದಾಟಿ ಬಂದ ಕತೆ

1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು. ಭೂಮಾರ್ಗ ಮುಚ್ಚಿತು. ಹಾಗಾಗಿ ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದರು.

ಹತ್ತನೇ ತರಗತಿ ದಾಟಿದವರಿಗೆಲ್ಲ ಈ ಮೂರು ಸಾಲು ಬಾಯಿಪಾಠ. ನಾವೂ ಬರೆದಿದ್ದೇವೆ, ಅಂಕ ತಗೊಂಡಿದ್ದೇವೆ, ಆಮೇಲೆ ಮರೆತಿದ್ದೇವೆ.

ಕಳೆದ ಫೆಬ್ರವರಿಯಲ್ಲಿ ಕಾಳುಮೆಣಸಿನ ಧಾರಣೆ ಬಗ್ಗೆ ಸುದ್ದಿ ಮಾಡಲು ಮಲೆನಾಡಿನ ಒಂದು ಮನೆಗೆ ಹೋಗಿದ್ದೆವು. ಅಂಗಳದ ತುಂಬ ಮೆಣಸು ಒಣಗುತ್ತಿತ್ತು. ಜಗಲಿಯಲ್ಲಿ ಕೂತ ಹುಡುಗಿ ಪರೀಕ್ಷೆಗೆ ಇದೇ ಮೂರು ಸಾಲು ಉರುಹೊಡೆಯುತ್ತಿದ್ದಳು. ಮೆಣಸು ಕೈಯಾಡಿಸುತ್ತಿದ್ದ ಅಜ್ಜ ಅಲ್ಲಿಂದಲೇ ಕೇಳಿದರು: "ದಾರಿ ಮುಚ್ಚಿದ ಮೇಲೆ ನಮ್ಮ ಮೆಣಸು ಅಲ್ಲಿಗೆ ಹೋಗೋದೇ ನಿಂತಿತ್ತಾ ಮಗಾ?"

ಹುಡುಗಿ ನಮ್ಮ ಮುಖ ನೋಡಿದಳು. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿಕೊಂಡ ನಾವು ಅಂಗಳ ನೋಡಿದೆವು.

ವಾಪಸ್ ಬಂದು ಓದಲು ಕೂತೆವು. ಅಜ್ಜನ ಪ್ರಶ್ನೆಗೆ ಉತ್ತರ ಚಿಕ್ಕದು: ನಿಂತಿರಲಿಲ್ಲ. ಹಾಗಿದ್ದ ಮೇಲೆ ಅವರು ಬಂದದ್ದು ಯಾಕೆ ಅನ್ನುವುದೇ ದೊಡ್ಡ ಕತೆ.

ಮುಚ್ಚಿತ್ತು ಅಂದ ದಾರಿ ತೆರೆದೇ ಇತ್ತು

ಮೊದಲು ಮೆಣಸು ಯಾವ ದಾರಿಯಲ್ಲಿ ಹೋಗುತ್ತಿತ್ತು ನೋಡೋಣ. ಪಶ್ಚಿಮ ಘಟ್ಟದ ಬಳ್ಳಿಯಿಂದ ಕಿತ್ತ ಮೆಣಸು ಎತ್ತಿನ ಮೇಲೆ, ತಲೆಹೊರೆಯಲ್ಲಿ, ದೋಣಿಯಲ್ಲಿ ಕರಾವಳಿಯ ಬಂದರಿಗೆ ಇಳಿಯುತ್ತಿತ್ತು. ಅಲ್ಲಿಂದ ಅರಬರು, ಗುಜರಾತಿಗಳು ಮತ್ತು ಇತರ ವ್ಯಾಪಾರಿಗಳ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ. ಅಲ್ಲಿಂದ ಒಂಟೆಯ ಮೇಲೆ, ನೈಲ್ ನದಿಯ ದೋಣಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ. ಅಲ್ಲಿ ಕೊಳ್ಳಲು ಇಟಲಿಯ ವೆನಿಸ್ ನಗರದ ವರ್ತಕರು ಕಾದಿರುತ್ತಿದ್ದರು. ಯುರೋಪಿನ ಊರೂರಿಗೆ ಹಂಚುತ್ತಿದ್ದವರು ಅವರೇ.

ಈ ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಎಲ್ಲಿದೆ? ಇಲ್ಲವೇ ಇಲ್ಲ. ಮೆಣಸಿನ ಮುಖ್ಯ ದಾರಿ ಇದ್ದದ್ದು ಈಜಿಪ್ಟ್ ಮೂಲಕ. ಆಗ ಈಜಿಪ್ಟ್ ಮಾಮ್ಲೂಕ್ ಸುಲ್ತಾನರ ಕೈಯಲ್ಲಿತ್ತು. ತುರ್ಕರು ಅದನ್ನು ಗೆದ್ದದ್ದು 1517ರಲ್ಲಿ, ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಕಳೆದ ಮೇಲೆ.

ಇನ್ನೊಂದು ಸಂಗತಿ. ಕಾನ್‌ಸ್ಟಾಂಟಿನೋಪಲ್ ಬಿದ್ದ ಮರುವರ್ಷವೇ, 1454ರಲ್ಲಿ, ವೆನಿಸಿನವರು ತುರ್ಕ ಸುಲ್ತಾನನ ಜೊತೆ ಒಪ್ಪಂದ ಮಾಡಿಕೊಂಡು ವ್ಯಾಪಾರ ಮುಂದುವರಿಸಿದರು. ಸುಂಕ ತರುವ ದಾರಿಯನ್ನು ಮುಚ್ಚಲು ಸುಲ್ತಾನನಿಗೇನು ಹುಚ್ಚೇ? ಸಂತೆಗೆ ಬರುವವರನ್ನು ತಡೆದರೆ ಸಂತೆ ಸುಂಕದ ಗುತ್ತಿಗೆ ಹಿಡಿದವನಿಗೇ ನಷ್ಟ.

ಹಾಗಂತ 1453ಕ್ಕೆ ಬೆಲೆಯೇ ಇಲ್ಲ ಅನ್ನುವಂತಿಲ್ಲ. ಇಟಲಿಯ ಇನ್ನೊಂದು ವ್ಯಾಪಾರಿ ನಗರ ಜಿನೋವಾ ಕಪ್ಪು ಸಮುದ್ರದ ಕಡೆಯ ತನ್ನ ವ್ಯಾಪಾರವನ್ನು ಮೆಲ್ಲಮೆಲ್ಲನೆ ಕಳೆದುಕೊಂಡಿತು. ಅಲ್ಲಿನ ಹಣವಂತರು, ನಾವಿಕರು ಪಶ್ಚಿಮಕ್ಕೆ, ಪೋರ್ಚುಗಲ್ ಮತ್ತು ಸ್ಪೇನ್ ಕಡೆಗೆ ಹೊರಳಿದರು. ಕೊಲಂಬಸ್ ಕೂಡ ಜಿನೋವಾದವನೇ. ಆದರೆ ದಾರಿ ಕಷ್ಟವಾಯಿತು ಅನ್ನುವುದು ಬೇರೆ, ಮುಚ್ಚಿತು ಅನ್ನುವುದು ಬೇರೆ.

ಮೊದಲು ಹುಡುಕಿದ್ದು ಚಿನ್ನ

ಪೋರ್ಚುಗೀಸರು ಕಡಲಿಗಿಳಿದದ್ದು 1453ರ ನಂತರವಲ್ಲ. 1415ರಲ್ಲೇ ಅವರು ಆಫ್ರಿಕದ ಉತ್ತರ ತುದಿಯ ಸೆಯುಟಾ ಎಂಬ ಬಂದರನ್ನು ಗೆದ್ದಿದ್ದರು. ಲೆಕ್ಕ ಹಾಕಿದರೆ 38 ವರ್ಷ ಮೊದಲು.

ಪೋರ್ಚುಗಲ್ ಆಗ ಹತ್ತು-ಹದಿನೈದು ಲಕ್ಷ ಜನರ ಬಡ ದೇಶ. ಗೋಧಿಗೂ ಹೊರಗಿನವರನ್ನು ನೆಚ್ಚಬೇಕು. ನಾಣ್ಯಕ್ಕೆ ಬೇಕಾದ ಚಿನ್ನವೂ ಇಲ್ಲ. ಸಹಾರಾ ಮರುಭೂಮಿ ದಾಟಿ ಒಂಟೆಗಳ ಸಾಲು ಚಿನ್ನ ತರುವ ಪೇಟೆಗಳಲ್ಲಿ ಸೆಯುಟಾ ಒಂದು. ಪೇಟೆ ಹಿಡಿದರೆ ಚಿನ್ನ ಸಿಗುತ್ತದೆ ಎಂಬ ಆಸೆ ಅವರಿಗಿತ್ತು.

ಪೇಟೆ ಸಿಕ್ಕಿತು, ಚಿನ್ನ ಸಿಗಲಿಲ್ಲ. ಒಂಟೆಯವರು ಬೇರೆ ಪೇಟೆಗೆ ತಿರುಗಿಕೊಂಡರು. ಆಗ ಪೋರ್ಚುಗೀಸರು ಮಾಡಿದ ಯೋಚನೆ ಹೀಗೆ: ಒಂಟೆಯವನನ್ನು ಬಿಟ್ಟು, ಚಿನ್ನ ಹುಟ್ಟುವ ನಾಡಿಗೇ ಸಮುದ್ರದಿಂದ ಹೋದರೆ ಹೇಗೆ?

ರಾಜಕುಮಾರ ಹೆನ್ರಿ ಆಫ್ರಿಕದ ಕರಾವಳಿಯುದ್ದಕ್ಕೂ ವರ್ಷ ವರ್ಷ ಹಡಗು ಕಳಿಸಿದ. ಅವನಿಗೆ ಹೊಸ ನಾಡು ನೋಡುವ ಕುತೂಹಲ ಇರಲಿಲ್ಲ ಅಂತಲ್ಲ. ಆದರೆ ಬಂದ ಸರಕಿನಲ್ಲಿ ಐದರಲ್ಲೊಂದು ಪಾಲು ಅವನದು. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಪಟ್ಟಣಕ್ಕೆ ಬಂದಿಳಿದ ಸರಕು ಯಾವುದು ಗೊತ್ತೇ? 235 ಮನುಷ್ಯರು. ಆಫ್ರಿಕದಿಂದ ಹಿಡಿದು ತಂದವರು. ಊರ ಹೊರಗಿನ ಬಯಲಿನಲ್ಲಿ ಅವರನ್ನು ಪಾಲು ಮಾಡಿದರು. ತಾಯಿ ಒಂದು ಪಾಲಿಗೆ, ಮಗು ಇನ್ನೊಂದು ಪಾಲಿಗೆ. ಹೆನ್ರಿಯ ಪಾಲಿಗೆ 46 ಜನ. ಇದನ್ನು ಬರೆದಿಟ್ಟದ್ದು ಶತ್ರುಗಳಲ್ಲ, ಪೋರ್ಚುಗೀಸ್ ಅರಮನೆಯ ಚರಿತ್ರೆಕಾರನೇ.

1482ರಲ್ಲಿ ಈಗಿನ ಘಾನಾ ದೇಶದ ಕರಾವಳಿಯಲ್ಲಿ ಎಲ್ಮಿನಾ ಕೋಟೆ ಎದ್ದಿತು. ಹುಡುಕುತ್ತಿದ್ದ ಚಿನ್ನ ಅಲ್ಲಿ ಕೊನೆಗೂ ಸಿಕ್ಕಿತು. ಒಂಟೆಯವನನ್ನು ಬಿಟ್ಟು ಮೂಲಕ್ಕೇ ಹೋಗುವ ಉಪಾಯ ಫಲಿಸಿತು. ಚಿನ್ನಕ್ಕೆ ನಡೆದದ್ದು ಮೆಣಸಿಗೆ ಯಾಕೆ ನಡೆಯಬಾರದು? 1488ರಲ್ಲಿ ಬಾರ್ತೊಲೊಮೆಯು ಡಯಾಸ್ ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬಂದ. ಭಾರತದ ದಾರಿ ಕಣ್ಣಿಗೆ ಬಿತ್ತು.

ಒಂದು ಕೈಯಲ್ಲಿ ಶಿಲುಬೆ

ಹಾಗಾದರೆ ಎಲ್ಲವೂ ದುಡ್ಡಿಗೇನಾ? ಹಾಗೆ ಬರೆದರೂ ತಪ್ಪಾಗುತ್ತದೆ.

ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳು ಶತಮಾನಗಳ ಕಾಲ ಮುಸ್ಲಿಂ ರಾಜ್ಯಗಳ ಜೊತೆ ಕಾದಾಡಿ ಬೆಳೆದವು. ಪೂರ್ವದಲ್ಲೆಲ್ಲೋ ಪ್ರೆಸ್ಟರ್ ಜಾನ್ ಎಂಬ ಮಹಾ ಕ್ರೈಸ್ತ ದೊರೆ ಇದ್ದಾನೆ, ಅವನು ಸಿಕ್ಕರೆ ಇಬ್ಬರೂ ಸೇರಿ ಮುಸ್ಲಿಂ ದೊರೆಗಳನ್ನು ಎರಡೂ ಕಡೆಯಿಂದ ಹೊಡೆಯಬಹುದು ಅಂತ ನಂಬಿದ್ದರು. ಅಂಥ ದೊರೆ ಇರಲೇ ಇಲ್ಲ. ಆದರೆ ನಂಬಿಕೆ ನಿಜವಾಗಿತ್ತು. 1455ರಲ್ಲಿ ಪೋಪ್ ಒಂದು ಆಜ್ಞೆ ಹೊರಡಿಸಿ, ಆಫ್ರಿಕದ ಕರಾವಳಿಯ ವ್ಯಾಪಾರವನ್ನೂ ಗೆದ್ದ ಜನರನ್ನು ಗುಲಾಮರಾಗಿಸುವ ಹಕ್ಕನ್ನೂ ಪೋರ್ಚುಗಲ್ ದೊರೆಗೆ ಕೊಟ್ಟ. 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ತೊರ್ದೆಸಿಲ್ಲಾಸ್ ಎಂಬ ಊರಲ್ಲಿ ಕೂತು ಅಟ್ಲಾಂಟಿಕ್ ಸಾಗರದ ಮೇಲೆ ಗೆರೆ ಎಳೆದು, ಯುರೋಪಿನ ಹೊರಗಿನ ಲೋಕವನ್ನು ಪಾಲು ಮಾಡಿಕೊಂಡವು. ಪಾಲಾದ ನೆಲದಲ್ಲಿ ಬದುಕಿದ್ದವರನ್ನು ಯಾರೂ ಕೇಳಲಿಲ್ಲ.

ಇನ್ನು ಹಡಗು ಹತ್ತಿದವರ ಮನೆಯ ಕಾರಣಗಳು. ಯುರೋಪಿನ ಎಷ್ಟೋ ದೊಡ್ಡ ಮನೆಗಳಲ್ಲಿ ಆಸ್ತಿಯೆಲ್ಲ ಹಿರಿಯ ಮಗನಿಗೆ. ಕಿರಿಯರಿಗೆ ಉಳಿಯುವುದು ಮನೆತನದ ಹೆಸರು ಮತ್ತು ಸೊಂಟದ ಕತ್ತಿ. ಅವರಿಗೆ ಕಡಲು ಒಂದು ದಾರಿ. ನಾವಿಕನಿಗೂ ಆಸೆ ತೋರಿಸಿದ್ದರು: ಸಂಬಳದ ಜೊತೆಗೆ ಸ್ವಂತ ಲೆಕ್ಕದಲ್ಲಿ ಒಂದಿಷ್ಟು ಮೆಣಸು ತರುವ ಅವಕಾಶ ಹಡಗಿನವರಿಗಿತ್ತು. ಕೊಲಂಬಸ್ 1492ರಲ್ಲಿ ಸ್ಪೇನ್ ರಾಣಿ-ರಾಜರ ಜೊತೆ ಹೊರಡುವ ಮೊದಲೇ ಕರಾರು ಮಾಡಿಕೊಂಡಿದ್ದ. ಸಿಕ್ಕ ಲಾಭದಲ್ಲಿ ಹತ್ತರಲ್ಲೊಂದು ಪಾಲು ಅವನಿಗೆ.

ದೇವರು, ಚಿನ್ನ, ದೊರೆಯ ಹೆಸರು, ಹೊಟ್ಟೆಪಾಡು ಎಲ್ಲವೂ ಒಂದೇ ಹಡಗಿನಲ್ಲಿದ್ದವು. ಅವರಿಗೆ ಇವು ಒಂದಕ್ಕೊಂದು ವಿರೋಧ ಅನ್ನಿಸಲೇ ಇಲ್ಲ. ಮುಸ್ಲಿಂ ವರ್ತಕರ ಮೆಣಸಿನ ವ್ಯಾಪಾರ ಮುರಿಯುವುದು ಅವರ ಲೆಕ್ಕದಲ್ಲಿ ಲಾಭವೂ ಹೌದು, ಪುಣ್ಯವೂ ಹೌದು.

ಕಲ್ಲಿಕೋಟೆಯ ನಗು

1497ರ ಜುಲೈಯಲ್ಲಿ ಗಾಮ ನಾಲ್ಕು ಹಡಗುಗಳೊಂದಿಗೆ ಲಿಸ್ಬನ್ ಬಿಟ್ಟ. ಆಫ್ರಿಕದ ಪೂರ್ವ ಕರಾವಳಿಯ ಮಾಲಿಂದಿಯಿಂದ ಅರಬ್ಬಿ ಸಮುದ್ರ ದಾಟಿಸಿದ್ದು ಅಲ್ಲಿ ಸಿಕ್ಕ, ಈ ಕಡಲು ಬಲ್ಲ ಮಾರ್ಗದರ್ಶಿ. ಮಳೆಗಾಲದ ಗಾಳಿ ಹಿಡಿದು ಮೂರು ವಾರ ಚಿಲ್ಲರೆಯಲ್ಲಿ 1498ರ ಮೇ 20ರಂದು ಕಲ್ಲಿಕೋಟೆ ಹತ್ತಿರ ತಲುಪಿದರು. ಅವರು "ಕಂಡುಹಿಡಿದ" ಆ ದಾರಿಯಲ್ಲಿ ನಮ್ಮ ಕಡೆಯ ಹಡಗುಗಳು ನೂರಾರು ವರ್ಷಗಳಿಂದ ಓಡಾಡುತ್ತಿದ್ದವು.

ಮೊದಲು ದಡಕ್ಕಿಳಿದವನಿಗೆ ಸಿಕ್ಕವರು ಟುನೀಶಿಯಾ ಕಡೆಯ ಇಬ್ಬರು ಮುಸ್ಲಿಮರು, ಅವನ ಕಡೆಯ ಭಾಷೆಯನ್ನೇ ಬಲ್ಲವರು. ಇಷ್ಟು ದೂರ ಏನು ಹುಡುಕಿಕೊಂಡು ಬಂದಿರಿ ಅಂತ ಅವರು ಕೇಳಿದಾಗ ಸಿಕ್ಕ ಉತ್ತರ: ಕ್ರೈಸ್ತರನ್ನು ಮತ್ತು ಸಾಂಬಾರ ಪದಾರ್ಥಗಳನ್ನು. ಎರಡೇ ಪದಗಳಲ್ಲಿ ಪೂರ್ತಿ ಉದ್ದೇಶ ಹೇಳಿಯಾಗಿತ್ತು. ಕ್ರೈಸ್ತರನ್ನು ಕಾಣುವ ಆಸೆ ಎಷ್ಟಿತ್ತೆಂದರೆ, ಹಿಂದೂ ಗುಡಿಯೊಂದನ್ನು ಚರ್ಚ್ ಅಂದುಕೊಂಡು ಕೈಮುಗಿದು ಬಂದರು.

ಆಮೇಲೆ ಸಾಮೂದ್ರಿ ದೊರೆಗೆ ಕಾಣಿಕೆ. ಗಾಮ ತೆಗೆದಿಟ್ಟದ್ದು ಇಷ್ಟು: ಹನ್ನೆರಡು ತುಂಡು ಪಟ್ಟೆ ಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಆರು ಕೈತೊಳೆಯುವ ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು.

ದೊರೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ತೀರ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಅಂದರು. ಗಾಮ ಹೊರಡುವಾಗ ಸಾಮೂದ್ರಿ ಓಲೆ ಬರೆಸಿ ಕಳಿಸಿದ: ನಮ್ಮಲ್ಲಿ ಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗ ಇವೆ. ನೀವು ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ ಕಳಿಸಿ.

ನಮ್ಮ ಪ್ರಕಾರ ಇಡೀ ಕತೆಯ ಕೀಲು ಇರುವುದು ಇಲ್ಲಿ. ಇಲ್ಲಿನವರಿಗೆ ಬೇಕಾದ ಸರಕು ಅವರಲ್ಲಿ ಇರಲಿಲ್ಲ. ಅವರಲ್ಲಿ ಇದ್ದದ್ದು ಹಡಗಿನ ಮೇಲೆ ಕೂರಿಸಿದ ಫಿರಂಗಿ.

ಮೆಣಸಿನ ಲೆಕ್ಕ

ಕೊಳೆತ ಮಾಂಸದ ವಾಸನೆ ಮುಚ್ಚಲು ಯುರೋಪಿನವರಿಗೆ ಮೆಣಸು ಬೇಕಿತ್ತು ಅನ್ನುವ ಮಾತನ್ನೂ ಕೇಳಿರುತ್ತೀರಿ. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಮೆಣಸು ಕೊಳ್ಳುವಷ್ಟು ದುಡ್ಡಿದ್ದವನಿಗೆ ತಾಜಾ ಮಾಂಸ ಕೊಳ್ಳುವುದು ಕಷ್ಟವಿರಲಿಲ್ಲ. ಅಲ್ಲಿ ಮೆಣಸು ರುಚಿ, ಔಷಧ, ಜೊತೆಗೆ ದೊಡ್ಡಸ್ತಿಕೆಯ ಗುರುತು.

16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಕೊಚ್ಚಿಯಲ್ಲಿ ಒಂದು ಕ್ವಿಂಟಾಲು ಮೆಣಸಿಗೆ (ಅವರ ಆಗಿನ ಕ್ವಿಂಟಾಲು ಸುಮಾರು 51 ಕಿಲೊ) ಕೊಡುತ್ತಿದ್ದದ್ದು ಹೆಚ್ಚುಕಮ್ಮಿ 3 ಕ್ರುಜಾದೊ ನಾಣ್ಯ. ಲಿಸ್ಬನ್‌ನಲ್ಲಿ ದೊರೆ ಅದನ್ನು ಮಾರುತ್ತಿದ್ದದ್ದು ಸುಮಾರು 22 ಕ್ರುಜಾದೊಗೆ. ಹಡಗು ಮುಳುಗುವುದು, ಜನ ಸಾಯುವುದು, ಸೈನಿಕರ ಖರ್ಚು ಎಲ್ಲ ಕಳೆದರೂ ಆಸೆ ಹುಟ್ಟಿಸುವ ಅಂತರ. ಗಾಮನ ಮೊದಲ ಯಾನದಲ್ಲಿ ಹೊರಟವರಲ್ಲಿ ಅರ್ಧದಷ್ಟು ಜನ ಕೂಡ ಜೀವಂತ ಮರಳಲಿಲ್ಲ. ಆದರೂ 1500ರಲ್ಲಿ 13 ಹಡಗು ಹೊರಟವು.

ಈ ಅಂತರ ಹೊಸದಲ್ಲ. ಮೊದಲು ಅದು ಅರಬ್ ವರ್ತಕ, ಈಜಿಪ್ಟ್ ಸುಲ್ತಾನ, ವೆನಿಸಿನ ಸಾಹುಕಾರ ಹೀಗೆ ಹಲವರಿಗೆ ಹಂಚಿಹೋಗುತ್ತಿತ್ತು. ಪೋರ್ಚುಗಲ್ ದೊರೆಗೆ ಅದು ಒಬ್ಬನಿಗೇ ಬೇಕಾಯಿತು. ದಾರಿ ಮುಚ್ಚಿದ್ದು ಅವನ ಸಂಕಟವಲ್ಲ, ದಾರಿಯ ಲಾಭ ತನಗೆ ಸಿಗುತ್ತಿಲ್ಲ ಅನ್ನುವುದೇ ಸಂಕಟ. ಗಾಮ ಮರಳಿದ ಮೇಲೆ ದೊರೆ ಮ್ಯಾನುಯೆಲ್ ತನ್ನ ಬಿರುದಿಗೆ ಇಥಿಯೋಪಿಯಾ, ಅರೇಬಿಯಾ, ಪರ್ಶಿಯಾ ಮತ್ತು ಭಾರತದ ಗೆಲುವು, ಯಾನ, ವ್ಯಾಪಾರಗಳ ಒಡೆಯ ಎಂದು ಸೇರಿಸಿಕೊಂಡ. ಭಾರತದಲ್ಲಿ ಆಗ ಅವನಿಗೆ ಗೇಣು ನೆಲವೂ ಇರಲಿಲ್ಲ. ಬಿರುದು ನೆಲದ್ದಲ್ಲ, ದಾರಿಯದ್ದು ಅನ್ನುವುದನ್ನು ಗಮನಿಸಿ.

ಈ ಆಸೆಗೆ ಹಣ ಹಾಕಿದವರೂ ಇದ್ದರು. 1505ರ ಹಡಗುಪಡೆಯಲ್ಲಿ ಜರ್ಮನಿ ಮತ್ತು ಇಟಲಿಯ ಸಾಹುಕಾರರ ಬಂಡವಾಳವಿತ್ತು. ಮೆಣಸು ಕೊಳ್ಳಲು ಬೇಕಾದ ತಾಮ್ರ, ಬೆಳ್ಳಿ ಬರುತ್ತಿದ್ದದ್ದೂ ಜರ್ಮನಿಯ ವರ್ತಕರಿಂದ. ಹೀಗಾಗಿ ಲಾಭದ ಒಂದು ಭಾಗ ಲಿಸ್ಬನ್‌ನಲ್ಲೂ ನಿಲ್ಲಲಿಲ್ಲ.

ಕಡಲಿಗೆ ಸುಂಕದ ಗೇಟು

ಸರಕಿನಲ್ಲಿ ಸ್ಪರ್ಧಿಸಲಾಗದವರು ಬಲದಲ್ಲಿ ಸ್ಪರ್ಧಿಸಿದರು. 1502ರಲ್ಲಿ ಎರಡನೇ ಸಲ ಬಂದ ಗಾಮ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟ. ಆಮೇಲೆ ಕರ್ತಾಜ್ ಎಂಬ ಪದ್ಧತಿ ಬಂತು. ಅರಬ್ಬಿ ಸಮುದ್ರದಲ್ಲಿ ಯಾವ ಹಡಗು ಓಡಬೇಕಾದರೂ ಪೋರ್ಚುಗೀಸರಿಂದ ಪರವಾನಗಿ ಚೀಟಿ ಕೊಳ್ಳಬೇಕು, ಅವರ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗಿನ ಸರಕು ಜಪ್ತಿ. ಯಾರದೂ ಅಲ್ಲದ ಕಡಲಿಗೆ ಅವರು ಟೋಲ್ ಗೇಟು ಹಾಕಿದರು. ಗೋವಾ (1510), ಮಲಾಕ್ಕ (1511), ಹೋರ್ಮುಜ್ (1515) ಆ ಗೇಟಿನ ಕಂಬಗಳು.

ನಮ್ಮ ಕರಾವಳಿ ಈ ಕತೆಯ ನಡುವೆಯೇ ಇದೆ. ಗಾಮ ಮೊದಲ ಸಲ ಮರಳುವಾಗ 1498ರ ಸೆಪ್ಟೆಂಬರಿನಲ್ಲಿ ಹಡಗು ರಿಪೇರಿಗೆ ನಿಂತದ್ದು ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ. ಗೋವಾ ಮೇಲೆ ಏರಿಹೋಗಲು ಆಲ್ಬುಕರ್ಕನಿಗೆ ದಾರಿ ತೋರಿದ್ದು ಹೊನ್ನಾವರದ ತಿಮ್ಮಯ್ಯ (ಅವರ ಬರಹಗಳಲ್ಲಿ ತಿಮೋಜ). ಅವನಿಗೆ ಅವನದೇ ಲೆಕ್ಕಾಚಾರ ಇತ್ತು. ವಿಜಯನಗರಕ್ಕೆ ಯುದ್ಧದ ಕುದುರೆ ಬೇಕಿತ್ತು. ಭಟ್ಕಳದಲ್ಲಿ ಇಳಿಯುತ್ತಿದ್ದ ಅರಬ್ ಕುದುರೆಗಳನ್ನು ಪೋರ್ಚುಗೀಸರು ಗೋವಾಕ್ಕೇ ಬರುವಂತೆ ಮಾಡಿ ಸುಂಕ ಹಿಡಿದರು. ನಮ್ಮ ದೊರೆಗಳೂ ಅವರ ಜೊತೆ ವ್ಯವಹಾರ ಮಾಡಿದರು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಅಂತ. 1560ರ ದಶಕದ ಕೊನೆಗೆ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಅವರು ಕೋಟೆ ಕಟ್ಟಲು ಹೊರಟದ್ದು ಈ ಘಟ್ಟದ ಮೆಣಸಿಗೆ, ಗೋವಾದ ಹೊಟ್ಟೆ ತುಂಬಿಸುವ ಕರಾವಳಿಯ ಅಕ್ಕಿಗೆ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಗಳಿಂದ ಅವರನ್ನು ಹೊರದಬ್ಬಿದ.

ಅಷ್ಟಾದರೂ ಗೇಟು ಪೂರ್ತಿ ನಿಲ್ಲಲಿಲ್ಲ. ಕೊಚ್ಚಿಯಲ್ಲಿ ಕಡಿಮೆ ದರ ಕಟ್ಟಿ ದಶಕಗಟ್ಟಲೆ ಏರಿಸದೆ ಇದ್ದಾಗ ಮೆಣಸಿನವರು ಏನು ಮಾಡಿದರು? ಒಳ್ಳೆಯ ಕಾಳನ್ನು ಘಟ್ಟ ಹತ್ತಿಸಿಯೋ ಕದ್ದು ಹಡಗಿಗೇರಿಸಿಯೋ ಹೆಚ್ಚು ಕೊಡುವವರಿಗೆ ಮಾರಿದರು. ಪೋರ್ಚುಗೀಸರಿಗೆ ಸರಿಯಾಗಿ ಒಣಗದ, ಮಣ್ಣು ಮರಳು ಬೆರೆತ ಮೆಣಸು. ಅವರು ದೂರು ಬರೆದದ್ದೇ ಬರೆದದ್ದು. 16ನೇ ಶತಮಾನದ ಮಧ್ಯಕ್ಕೆ ಕೆಂಪು ಸಮುದ್ರದ ಹಳೆಯ ದಾರಿ ಮತ್ತೆ ತುಂಬಿ ಹರಿಯಿತು, ವೆನಿಸ್ ಮತ್ತೆ ಮೆಣಸು ಮಾರಿತು. ಪಠ್ಯದಲ್ಲಿ 1453ರಲ್ಲೇ ಮುಚ್ಚಿದ ದಾರಿ ನೂರು ವರ್ಷದ ಮೇಲೂ ನಡೆಯುತ್ತಿತ್ತು.

ಬೆನ್ನಿಗೆ ಬಂದವರು

ಡಚ್ಚರು ಮೊದಲು ಲಿಸ್ಬನ್‌ನಿಂದ ಮೆಣಸು ಕೊಂಡು ಮಾರುತ್ತಿದ್ದವರು. 1580ರಲ್ಲಿ ಅವರ ಶತ್ರು ಸ್ಪೇನ್ ದೊರೆ ಪೋರ್ಚುಗಲ್‌ಗೂ ದೊರೆಯಾದ. ಲಿಸ್ಬನ್ ಬಾಗಿಲು ಅವರಿಗೆ ಬಿಗಿಯಾಯಿತು. ಗೋವಾದ ಆರ್ಚ್‌ಬಿಷಪ್ ಬಳಿ ಕಾರ್ಯದರ್ಶಿಯಾಗಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚ ಪೋರ್ಚುಗೀಸರ ಕಡಲ ದಾರಿಯ ಗುಟ್ಟುಗಳನ್ನು 1590ರ ದಶಕದಲ್ಲಿ ಅಚ್ಚು ಹಾಕಿಸಿದ. 1600ರ ಕೊನೆಯ ದಿನ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ, 1602ರಲ್ಲಿ ಡಚ್ ಕಂಪನಿ ಹುಟ್ಟಿದವು. ದೊರೆಯ ಜಾಗಕ್ಕೆ ಷೇರುದಾರ ಬಂದ, ಅಷ್ಟೇ ವ್ಯತ್ಯಾಸ. ಜಾಯಿಕಾಯಿ ಬೆಳೆಯುವ ಬಾಂದಾ ದ್ವೀಪಗಳನ್ನು ಡಚ್ಚರು 1621ರಲ್ಲಿ ಹಿಡಿದಾಗ, ಅಲ್ಲಿದ್ದ ಸುಮಾರು 15,000 ಜನರಲ್ಲಿ ಬಹುಪಾಲು ಸತ್ತರು, ಓಡಿಹೋದರು ಅಥವಾ ಗುಲಾಮರಾದರು. ತೋಟಕ್ಕೆ ಹೊರಗಿನಿಂದ ಗುಲಾಮರನ್ನು ತಂದರು. ಅಲ್ಲಿ ನಡುವಿನ ಲಾಭ ಸಾಲದೆ ಬೆಳೆಯುವ ನೆಲವೂ ಬೇಕಾಯಿತು. ವ್ಯಾಪಾರ ವಸಾಹತಾಗುವುದು ಹೀಗೆ.

ಅಜ್ಜನಿಗೆ ಉತ್ತರ

ಅಜ್ಜನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆವು. ಅವರು ಕೇಳಿದ್ದು ಒಂದೇ: "ಮೂರಕ್ಕೆ ಕೊಂಡು ಇಪ್ಪತ್ತೆರಡಕ್ಕೆ ಮಾರಿದ್ರಲ್ಲ, ಆ ಮೂರರಲ್ಲಿ ಬಳ್ಳಿ ನೆಟ್ಟವನಿಗೆ ಎಷ್ಟು ಸಿಕ್ಕಿತು?"

ಕೊಚ್ಚಿಯ ದರ ಬಂದರಿನ ವರ್ತಕನಿಗೆ ಸಿಗುತ್ತಿದ್ದದ್ದು. ಬೆಳೆದವನ ಕೈಗೆ ಬರುತ್ತಿದ್ದದ್ದು ಅದಕ್ಕಿಂತ ಕಡಿಮೆ. ಅಷ್ಟು ಹೇಳಿ ಸುಮ್ಮನಾದೆವು.

ಪರೀಕ್ಷೆಯಲ್ಲಿ ಹುಡುಗಿ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಆದರೆ ಮನಸ್ಸಿನಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳಲಿ: ಬೆಳೆಯುವವನಿಗೂ ತಿನ್ನುವವನಿಗೂ ನಡುವಿನ ಜಾಗ ಯಾರ ಕೈಯಲ್ಲಿದೆಯೋ ಲಾಭ ಅವರದ್ದು, ಆ ಜಾಗಕ್ಕಾಗಿ ಅವರು ಕಡಲು ದಾಟಿ ಬಂದರು, ದೇವರ ಹೆಸರನ್ನೂ ಜೊತೆಗೆ ತಂದರು.

ಈ ಕತೆ ನಮ್ಮ ಮಾತಿನಲ್ಲೇ ಉಳಿದಿದೆ. ಕೊಲಂಬಸ್ ಮೆಣಸು ಹುಡುಕುತ್ತ ಹೋಗಿ ಅಮೆರಿಕದಲ್ಲಿ ಕಂಡ ಖಾರದ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ನಾವು ಅದಕ್ಕೆ ಮೆಣಸಿನಕಾಯಿ ಅಂತ ನಮ್ಮ ಮೆಣಸಿನ ಹೆಸರನ್ನೇ ಕೊಟ್ಟೆವು. ನಮ್ಮ ಹಳೆಯ ಮೆಣಸು ಕಾಳುಮೆಣಸಾಯಿತು, ಒಳ್ಳೆಮೆಣಸಾಯಿತು. ಅವರು ತಂದ ಇನ್ನೊಂದು ಹಣ್ಣಿಗೆ ಪರಂಗಿ ಅಂದೆವು. ಪರಂಗಿ ಅಂದರೆ ಬಿಳಿಯ. ಅವರ ತೋಪಿಗೂ ಅದೇ ಮೂಲದಿಂದ ಫಿರಂಗಿ ಅನ್ನುವ ಹೆಸರು ಬಂತು. ಹಿತ್ತಲಿನ ಹಣ್ಣಿಗೂ ಕೋಟೆ ಒಡೆಯುವ ತೋಪಿಗೂ ಒಂದೇ ಬೇರಿನ ಹೆಸರು. ಅವರು ಏನೇನು ತಂದರು ಅನ್ನುವುದನ್ನು ನಮ್ಮ ಹಿರಿಯರು ನೋಡಿಯೇ ಹೆಸರಿಟ್ಟಿದ್ದಾರೆ.